ಟಚ್ ರಿಮೋಟಾ, ಬಟನ್ ರಿಮೋಟಾ? ಮೈಸೂರಿನ ಒಂದು ಮನೆಯ ಪ್ರಕರಣ

ಮನೆಗಳಿಗೆ ಟಿವಿ, ಡಿಟಿಎಚ್, ಹೋಮ್ ಥಿಯೇಟರ್ ಜೋಡಿಸಿಕೊಡೋದು ನನ್ನ ಕೆಲಸ. "ಎಲ್ಲದಕ್ಕೂ ಸೇರಿ ಒಂದೇ ರಿಮೋಟ್ ತಗೋಬೇಕು ಅಂತಿದೀವಿ, ಟಚ್‌ಸ್ಕ್ರೀನ್‌ದು ಒಳ್ಳೇದಾ, ಬಟನ್‌ದು ಒಳ್ಳೇದಾ?" ಅಂತ ಕೇಳುವವರು ಈಚೆಗೆ ಜಾಸ್ತಿ. ಒಂದು ಸಾಲಿನಲ್ಲಿ ಉತ್ತರ ಹೇಳಿದರೆ ಯಾರಿಗೂ ಉಪಯೋಗ ಆಗಲ್ಲ. ಅದಕ್ಕೇ ಒಂದು ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಮನೆಯವರನ್ನು ಕೇಳಿಯೇ ಬರೆದಿದ್ದೇನೆ. ಗುರುತು ಹತ್ತಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಮನೆಯ ಯಜಮಾನರನ್ನು ಮೇಷ್ಟ್ರು ಅಂತಲೂ ಅವರ ಶ್ರೀಮತಿಯವರನ್ನು ಅಮ್ಮ ಅಂತಲೂ ಕರೆಯುತ್ತೇನೆ. ಎದುರಿಗೂ ನಾನು ಹಾಗೆಯೇ ಕರೆಯೋದು.

ಮನೆ ಮತ್ತು ಟೀಪಾಯಿ

ಮೇಷ್ಟ್ರು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಎಪ್ಪತ್ತೈದು ದಾಟಿದೆ. ಬಲಗೈ ಸ್ವಲ್ಪ ನಡುಗುತ್ತದೆ. ಬೈಫೋಕಲ್ ಕನ್ನಡಕ ಒಗ್ಗಲಿಲ್ಲ ಅಂತ ದೂರಕ್ಕೆ ಒಂದು, ಓದೋಕೆ ಒಂದು ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ಈ ಎರಡು ಕನ್ನಡಕದ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತೆ. ಅಮ್ಮ ಗಟ್ಟಿಯಾಗಿದ್ದಾರೆ. ಆದರೆ ಒಂದು ಕಡೆ ಕೂತು ಟಿವಿ ನೋಡುವವರಲ್ಲ. ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಅಡುಗೆಮನೆಗೆ ಓಡಾಡುತ್ತಲೇ ಸೀರಿಯಲ್ ನೋಡುತ್ತಾರೆ. ಮಗ ಕ್ಯಾಲಿಫೋರ್ನಿಯಾದಲ್ಲಿ. ಮಗಳು ಬೆಂಗಳೂರಿನಲ್ಲಿ, ರಜಾ ಬಂದರೆ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಹಾಲ್‌ನಲ್ಲಿ 55 ಇಂಚಿನ ಟಿವಿ, ಡಿಟಿಎಚ್ ಬಾಕ್ಸ್, ಮಗ ಕೊಡಿಸಿದ ಆಂಪ್ಲಿಫೈಯರ್ ಮತ್ತು ಐದು ಸ್ಪೀಕರ್, ಯೂಟ್ಯೂಬ್ ನೋಡೋಕೆ ಒಂದು ಸ್ಟಿಕ್, ಮೇಲೆ ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್. ಒಟ್ಟು ಐದು ರಿಮೋಟ್. ಟಿವಿಯದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಡಿಟಿಎಚ್‌ದರ ಮೇಲೆ ನಂಬರ್‌ಗಳು ಅರ್ಧ ಅಳಿಸಿಹೋಗಿದ್ದವು.

ತೊಂದರೆ ಏನಿತ್ತು ಅಂದರೆ, ಎಲ್ಲ ವೈರೂ ಆಂಪ್ಲಿಫೈಯರ್ ಮೂಲಕವೇ ಹೋಗುತ್ತಿತ್ತು. ಬಾಕ್ಸ್‌ನ ಎಚ್‌ಡಿಎಂಐ (ಚಿತ್ರ, ಸೌಂಡ್ ಎರಡನ್ನೂ ಒಯ್ಯುವ ಕೇಬಲ್) ಆಂಪ್‌ಗೆ, ಸ್ಟಿಕ್‌ದೂ ಆಂಪ್‌ಗೆ, ಅಲ್ಲಿಂದ ಒಂದೇ ಕೇಬಲ್ ಟಿವಿಗೆ. ಸಿನಿಮಾ ಹುಚ್ಚಿರುವವರ ಮನೆಯಲ್ಲಿ ಹೀಗೇ ಮಾಡೋದು, ಅದು ಸರಿಯಾದ ಕ್ರಮವೇ. ಆದರೆ ಆಂಪ್ ಆನ್ ಆಗದಿದ್ದರೆ ಸೌಂಡಿನ ಜೊತೆ ಚಿತ್ರವೂ ಇಲ್ಲ. ಸಂಜೆ ಏಳಕ್ಕೆ ಸೀರಿಯಲ್ ನೋಡಬೇಕು ಅಂದರೆ ಟಿವಿ ಹಾಕಬೇಕು, ಬಾಕ್ಸ್ ಹಾಕಬೇಕು, ಆಂಪ್ ಹಾಕಬೇಕು, ಆಂಪ್‌ನಲ್ಲಿ ಇನ್‌ಪುಟ್ ಸರಿ ಇದೆಯಾ ನೋಡಬೇಕು. ಟಿವಿ ರಿಮೋಟ್‌ನಲ್ಲಿ ಸೋರ್ಸ್ ಬಟನ್ ಮೇಲೆ ಕೈ ತಾಗಿದರೆ ಪರದೆ ಮೇಲೆ 'ನೋ ಸಿಗ್ನಲ್'. ಆಮೇಲೆ ಮಗನಿಗೆ ಫೋನ್. ಇಲ್ಲಿ ಸಂಜೆ ಏಳಾದರೆ ಚಳಿಗಾಲದಲ್ಲಿ ಅಲ್ಲಿ ಬೆಳಗಿನ ಜಾವ ಐದೂವರೆ. ಪಾಪ, ನಿದ್ದೆಗಣ್ಣಲ್ಲೇ ಎದ್ದು "ಅಪ್ಪಾ, ಕಪ್ಪು ರಿಮೋಟ್ ತಗೊಳ್ಳಿ, ಮೇಲಿಂದ ಎರಡನೇ ಸಾಲು" ಅಂತ ಹೇಳಿಕೊಡುತ್ತಿದ್ದ.

ಟಚ್ ರಿಮೋಟ್ ಬಂತು

ಮುಂದಿನ ಸಲ ಊರಿಗೆ ಬಂದಾಗ ಮಗ ಒಂದು ಟಚ್‌ಸ್ಕ್ರೀನ್ ಯೂನಿವರ್ಸಲ್ ರಿಮೋಟ್ ತಂದ. ಕಂಪನಿ ಹೆಸರು ಬೇಡ. ನೋಡೋಕೆ ಚೆಂದ, ಕೈಗೆ ಭಾರವಾಗಿ ಕೂರುತ್ತಿತ್ತು, ಬಟನ್ ಒಂದೂ ಇಲ್ಲ. ಲ್ಯಾಪ್‌ಟಾಪ್‌ಗೆ ಹಾಕಿ ರಾತ್ರಿಯೆಲ್ಲ ಕೂತು ಸೆಟ್ ಮಾಡಿದ. ಪರದೆ ಮೇಲೆ ಮೂರೇ ಚಿತ್ರ: 'ಟಿವಿ', 'ಯೂಟ್ಯೂಬ್', 'ಎಲ್ಲಾ ಆಫ್'. ಟಿವಿ ಮುಟ್ಟಿದರೆ ರಿಮೋಟ್ ತಾನೇ ಒಂದಾದ ಮೇಲೊಂದು ಆಜ್ಞೆ ಕಳಿಸುತ್ತೆ. ಟಿವಿ ಆನ್, ಆಂಪ್ ಆನ್, ಇನ್‌ಪುಟ್ ಬದಲು, ಬಾಕ್ಸ್ ಆನ್. ಆಮೇಲೆ ವಾಲ್ಯೂಮ್, ಚಾನೆಲ್ ಇರುವ ಪುಟ ಬರುತ್ತೆ. ಮಗ ಇದ್ದಷ್ಟು ದಿನ ಚೆನ್ನಾಗೇ ನಡೆಯಿತು. ಮೇಷ್ಟ್ರು ಕ್ರಮವನ್ನೆಲ್ಲ ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್‌ನಲ್ಲಿ ಬರೆದುಕೊಂಡರು.

ಮಗ ಹೋದ ಮೇಲೆ ಕಷ್ಟ ಒಂದೊಂದಾಗಿ ಶುರುವಾಯಿತು.

ಮೊದಲನೆಯದು ಕನ್ನಡಕ. ಟಿವಿ ನೋಡೋದು ದೂರದ ಕನ್ನಡಕದಲ್ಲಿ. ಟಚ್ ಪರದೆ ಓದೋಕೆ ಹತ್ತಿರದ್ದು ಬೇಕು. ಜಾಹೀರಾತು ಬಂದು ಸೌಂಡ್ ಜೋರಾಯಿತು ಅಂದರೆ ಮೇಷ್ಟ್ರು ಕನ್ನಡಕ ತೆಗೆದು, ಇನ್ನೊಂದು ಹಾಕಿಕೊಂಡು, ಮಲಗಿದ್ದ ಪರದೆಯನ್ನು ಒಮ್ಮೆ ಮುಟ್ಟಿ ಎಬ್ಬಿಸಿ, ವಾಲ್ಯೂಮ್ ಎಲ್ಲಿದೆ ಅಂತ ಹುಡುಕಿ ಒತ್ತುವಷ್ಟರಲ್ಲಿ ಜಾಹೀರಾತೇ ಮುಗಿದಿರುತ್ತಿತ್ತು.

ಎರಡನೆಯದನ್ನು ಅವರು ಗಮನಿಸಿರಲಿಲ್ಲ, ನಾನು ಹೋಗಿ ನೋಡಿದಾಗ ಗೊತ್ತಾಯಿತು. ಈ ರಿಮೋಟ್‌ನಿಂದ ಹೊರಡೋದು ಇನ್‌ಫ್ರಾರೆಡ್ (ಐಆರ್) ಅನ್ನುವ, ಕಣ್ಣಿಗೆ ಕಾಣದ ಬೆಳಕು. ಅದು ಮೂತಿಯ ತುದಿಯಿಂದ ಬರುತ್ತೆ, ಟಿವಿ ಕಡೆ ತಿರುಗಿರಬೇಕು. ಪರದೆ ಓದುವಾಗ ನಾವು ಏನು ಮಾಡುತ್ತೇವೆ? ಮೊಬೈಲ್ ಹಿಡಿದ ಹಾಗೆ ಎತ್ತಿ ಮುಖದ ಕಡೆ ಓರೆ ಮಾಡುತ್ತೇವೆ. ಆಗ ಮೂತಿ ಸೂರಿನ ಕಡೆ ಇರುತ್ತೆ. 'ಟಿವಿ' ಅಂತ ಮುಟ್ಟಿ ಕೈ ಇಳಿಸಿಬಿಟ್ಟರೆ ನಾಲ್ಕು ಆಜ್ಞೆಯಲ್ಲಿ ಎರಡು ತಲುಪಿ, ಉಳಿದೆರಡು ಗಾಳಿಗೆ ಹೋಗುತ್ತವೆ. ಎಲ್ಲ ಮುಗಿಯುವ ತನಕ ಕೆಲವು ಸೆಕೆಂಡ್ ಟಿವಿ ಕಡೆಗೇ ಹಿಡಿದಿರಬೇಕು. ಅದನ್ನು ವಯಸ್ಸಾದವರಿಗೆ ಹೇಳೋದು ಸುಲಭ, ನಡುಗುವ ಕೈಗೆ ಮಾಡೋದು ಕಷ್ಟ.

ಮೂರನೆಯದು ಬೆರಳು. ಈ ಪರದೆಗಳು ಬೆರಳಿನ ತುದಿ ವಿದ್ಯುತ್ತನ್ನು ಹರಿಸುವ ಗುಣದ ಮೇಲೆ ಕೆಲಸ ಮಾಡುತ್ತವೆ. ವಯಸ್ಸಾದವರ ಒಣಗಿದ ಚರ್ಮವನ್ನು ಅವು ಎಷ್ಟೋ ಸಲ ಗುರುತಿಸೋದೇ ಇಲ್ಲ. ಮೇಷ್ಟ್ರು ಗಟ್ಟಿಯಾಗಿ ಒತ್ತುತ್ತಿದ್ದರು. ಗಟ್ಟಿಯಾಗಿ ಒತ್ತಿದರೆ ಕೈ ಜಾಸ್ತಿ ಹೊತ್ತು ನಿಲ್ಲುತ್ತೆ, ರಿಮೋಟ್ ಅದನ್ನು 'ಒತ್ತಿ ಹಿಡಿದರು' ಅಂದುಕೊಂಡು ಬೇರೆ ಪುಟ ತೆರೆಯುತ್ತಿತ್ತು. ಅಮ್ಮನದು ಇದರ ತಿರುಗುಮುರುಗು. ಹಿಟ್ಟು ಕಲಸಿ ತೊಳೆದ ಒದ್ದೆ ಕೈಯಲ್ಲಿ ಮುಟ್ಟಿದರೆ ಪರದೆ ತಾನಾಗೇ ಎಲ್ಲೆಲ್ಲಿಗೋ ಹಾರುತ್ತಿತ್ತು.

ನಾಲ್ಕನೆಯದು ಕರೆಂಟು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ತುಂಬಾ ಜನ ಇಲ್ಲೇ ತಪ್ಪು ತಿಳಿಯೋದು. ಐಆರ್ ರಿಮೋಟ್ ಹೇಳುತ್ತೆ ಅಷ್ಟೇ, ಕೇಳಿಸಿಕೊಳ್ಳಲ್ಲ. ಸೆಕೆಂಡಿಗೆ ಸುಮಾರು 38,000 ಸಲ ಮಿನುಗುವ ಬೆಳಕಿನಲ್ಲಿ ಒಂದು ಸಂಕೇತ ಕಳಿಸಿ ಸುಮ್ಮನಾಗುತ್ತೆ. ಟಿವಿ ಆನ್ ಆಯಿತಾ ಇಲ್ಲವಾ ಅಂತ ಅದಕ್ಕೆ ತಿಳಿಯೋ ದಾರಿ ಇಲ್ಲ. ಮೇಲಾಗಿ ಸಾಮಾನ್ಯ ಟಿವಿಯ ಪವರ್ ಬಟನ್ ಕಳಿಸುವ ಸಂಕೇತ ಒಂದೇ. ಆಫ್ ಇದ್ದರೆ ಆನ್, ಆನ್ ಇದ್ದರೆ ಆಫ್. ಈ ಮನೆಯಲ್ಲಿ ಟಿವಿ ಮತ್ತು ಬಾಕ್ಸ್ ಇನ್ವರ್ಟರ್ ಲೈನ್ ಮೇಲಿದ್ದವು, ಆಂಪ್ ಇರಲಿಲ್ಲ. ಕರೆಂಟ್ ಹೋದರೆ ಟಿವಿ ಆನ್ ಇದ್ದೇ ಇರುತ್ತೆ, ಆಂಪ್ ಆರುತ್ತೆ. ಕರೆಂಟ್ ಬಂದ ಮೇಲೆ ಆಂಪ್ ಸ್ಟ್ಯಾಂಡ್‌ಬೈನಲ್ಲೇ ಕೂರುತ್ತೆ. ಚಿತ್ರ ಬರಲ್ಲ ಅಂತ ಮೇಷ್ಟ್ರು ಮತ್ತೆ 'ಟಿವಿ' ಮುಟ್ಟುತ್ತಾರೆ. ಆಂಪ್ ಆನ್ ಆಗುತ್ತೆ, ಅದೇ ಹೊತ್ತಿಗೆ ಟಿವಿ ಆಫ್ ಆಗುತ್ತೆ. ಇನ್ನೊಮ್ಮೆ ಮುಟ್ಟಿದರೆ ಉಲ್ಟಾ. ರಿಮೋಟ್‌ನಲ್ಲಿ 'ಸಹಾಯ' ಅಂತ ಒಂದು ಇತ್ತು. ಟಿವಿ ಆನ್ ಆಗಿದೆಯಾ, ಆಂಪ್ ಆನ್ ಆಗಿದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿಕೊಂಡು ಸರಿಮಾಡುತ್ತೆ. ಮೇಷ್ಟ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಆದರೆ ಮತ್ತೆ ಅದೇ ಕನ್ನಡಕ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕರೆಂಟಿನ ತೊಂದರೆ ಟಚ್‌ಸ್ಕ್ರೀನ್‌ನ ತಪ್ಪಲ್ಲ. ಹತ್ತು ಕೆಲಸವನ್ನು ಒಂದೇ ಒತ್ತಿನಲ್ಲಿ ಮಾಡಿಸುವ ಬಟನ್ ರಿಮೋಟ್ ತಂದಿದ್ದರೂ ಹೀಗೇ ಆಗುತ್ತಿತ್ತು. ಮನೆಯವರಿಗೆ ಎರಡೂ ಒಟ್ಟಿಗೆ ಬಂದಿದ್ದರಿಂದ ಎಲ್ಲಾ ತಪ್ಪು ಪರದೆ ತಲೆ ಮೇಲೆ ಬಿತ್ತು.

ಷೋಕೇಸ್ ಹಿಂದಿನ ರಿಮೋಟ್‌ಗಳು

ಸ್ಪೀಕರ್‌ನಲ್ಲಿ ಸೌಂಡ್ ಬರುತ್ತಿಲ್ಲ ಅಂತ ನನ್ನನ್ನು ಕರೆಸಿದ್ದರು. ಟೀಪಾಯಿ ಮೇಲೆ ಟಚ್ ರಿಮೋಟ್ ತನ್ನ ಚಾರ್ಜಿಂಗ್ ಸ್ಟ್ಯಾಂಡ್‌ನಲ್ಲಿ ನೀಟಾಗಿ ನಿಂತಿತ್ತು, ಧೂಳಿಲ್ಲ, ಬೆರಳಿನ ಗುರುತೂ ಇಲ್ಲ. ಆಂಪ್ ರಿಮೋಟ್ ಎಲ್ಲಿ ಅಂತ ಕೇಳಿದೆ. ಅಮ್ಮ ಎದ್ದು ಹೋಗಿ ಷೋಕೇಸ್‌ನಲ್ಲಿ ಗೊಂಬೆಗಳ ಹಿಂದಿನಿಂದ ಹಳೇ ರಿಮೋಟ್‌ಗಳನ್ನೆಲ್ಲ ತಂದು ಇಟ್ಟರು. ದಿನವೂ ಅವನ್ನೇ ಬಳಸುತ್ತಿದ್ದರು. ಮಗನ ವಿಡಿಯೋ ಕಾಲ್ ಬರುವ ಹೊತ್ತಿಗೆ ಒಳಗಿಡುತ್ತಿದ್ದರು.

"ಮಗ ಆಸೆಯಿಂದ ತಂದಿದ್ದು ಕಣಪ್ಪ. ಬೇಡ ಅಂತ ಹೇಗೆ ಹೇಳೋದು? ಬೇಜಾರು ಮಾಡಿಕೊಳ್ತಾನೆ" ಅಂದರು.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ ಮಾತು. ದೂರದಲ್ಲಿರುವ ಮಗನಿಗೆ ಫೋನ್ ಬರೋದು ನಿಂತಿತ್ತು, ಹಾಗಾಗಿ ಎಲ್ಲಾ ಸರಿಹೋಗಿದೆ ಅಂದುಕೊಂಡಿದ್ದ. ಅಪ್ಪ ಅಮ್ಮನಿಗೆ ಕಷ್ಟ ಮೊದಲಿಗಿಂತ ಜಾಸ್ತಿ ಆಗಿತ್ತು, ಕೇಳೋಕೂ ಯಾರೂ ಇಲ್ಲದ ಹಾಗಾಗಿತ್ತು. ನೀವು ಹೆತ್ತವರಿಗೆ ಏನಾದರೂ ಕೊಡಿಸಿದ್ದರೆ, "ಹೇಗಿದೆ" ಅಂತ ಕೇಳಿದರೆ ಸಾಲದು, "ಒಂದ್ಸಲ ಹಾಕಿ ತೋರಿಸಿ" ಅನ್ನಿ.

ಅವತ್ತು ನಾನು ರಿಪೇರಿ ಮಾಡಿ ಎದ್ದು ಬರಲಿಲ್ಲ. ಸೀರಿಯಲ್ ಹೊತ್ತಿಗೆ ಬಂದು ಕೂರ್ತೀನಿ, ನೀವು ದಿನಾ ನೋಡೋ ಹಾಗೆ ನೋಡಿ ಅಂದೆ. ಅಮ್ಮ ಕಾಫಿ ಕೊಟ್ಟರು. ನಾನು ಟಿವಿ ಬಿಟ್ಟು ಅವರ ಕೈ ನೋಡುತ್ತಾ ಕೂತೆ. ಅತಿ ಹೆಚ್ಚು ಒತ್ತಿದ್ದು ವಾಲ್ಯೂಮ್. ಆಮೇಲೆ ಚಾನೆಲ್ ಮೇಲೆ ಕೆಳಗೆ. ಫೋನ್ ಬಂದಾಗ ಮ್ಯೂಟ್. ನಡುವೆ ಒಮ್ಮೆ ಮೇಷ್ಟ್ರು ಚಂದನಕ್ಕೆ ಹೋಗಿ ಬಂದರು. ಅಷ್ಟೇ. ಇಷ್ಟನ್ನೂ ಕಣ್ಣು ಟಿವಿ ಮೇಲೆ ಇಟ್ಟುಕೊಂಡೇ ಮಾಡಿದರು. ಅಮ್ಮ ಅಂತೂ ಅಡುಗೆಮನೆ ಬಾಗಿಲಲ್ಲಿ ನಿಂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಡಿಟಿಎಚ್ ರಿಮೋಟ್‌ನ 5ನೇ ನಂಬರ್ ಮೇಲಿರುವ ಸಣ್ಣ ಉಬ್ಬು ಚುಕ್ಕೆಯನ್ನು ಹೆಬ್ಬೆರಳಲ್ಲಿ ಸವರಿ, ಅಲ್ಲಿಂದ ಎಣಿಸಿ ಬೇಕಾದ ನಂಬರ್ ಒತ್ತಿದರು. ನಂಬರ್ ಅಳಿಸಿದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ.

ತೀರ್ಮಾನ ನನಗೆ ಅಲ್ಲೇ ಆಯಿತು. ನೋಡದೆ ಒತ್ತುವುದಕ್ಕೆ ಬಟನ್ನೇ ಬೇಕು. ಪರದೆ ಬೇಕಾಗೋದು ನೋಡಿ ಆರಿಸುವುದಕ್ಕೆ. ಈ ಮನೆಯಲ್ಲಿ ದಿನದ ಬಳಕೆ ಪೂರ್ತಿ ಮೊದಲನೇ ಬಗೆಯದು.

ಪ್ರಯತ್ನಗಳು

ಮಗಳು ಬೆಂಗಳೂರಿನಿಂದ ಒಂದು ದಾರಿ ಹೇಳಿದ್ದರು. ವೈಫೈಗೆ ಜೋಡಿಸುವ ಸಣ್ಣ ಐಆರ್ ಡಬ್ಬಿ ಇಟ್ಟು, ಮೊಬೈಲನ್ನೇ ರಿಮೋಟ್ ಮಾಡಿಕೊಳ್ಳೋದು. ಹಾಕಿ ನೋಡಿದೆವು. ವಾಲ್ಯೂಮ್ ಇಳಿಸಬೇಕು ಅಂದರೆ ಫೋನ್ ಲಾಕ್ ತೆಗೆದು ಆ್ಯಪ್ ಹುಡುಕಬೇಕು. ಫೋನ್ ಬಂದಾಗಲೇ ಮ್ಯೂಟ್ ಬೇಕಾಗೋದು, ಆಗ ಫೋನ್ ಕಿವಿಯಲ್ಲಿರುತ್ತೆ. ಬೇಗನೇ ಕೈಬಿಟ್ಟೆವು.

ಆಮೇಲೆ ಅಂಗಡಿಯಿಂದ ಅಗ್ಗದ ಲರ್ನಿಂಗ್ ರಿಮೋಟ್ ಒಂದನ್ನು ತಂದೆ. ಹಳೇ ರಿಮೋಟನ್ನು ಎದುರು ಹಿಡಿದು ಒಂದೊಂದೇ ಬಟನ್ ಕಲಿಸೋದು. ದೊಡ್ಡ ಬಟನ್, ಎರಡು ಸೆಲ್, ಚಾರ್ಜಿಂಗ್ ಗೋಜಿಲ್ಲ. ಮೇಷ್ಟ್ರಿಗೆ ತುಂಬಾ ಹಿಡಿಸಿತು. ಆದರೆ ಒಂದು ವಿಚಿತ್ರ ತೊಂದರೆ ಬಂತು. ಒಂದೇ ಅಂಕಿ ಎರಡು ಸಲ ಇರುವ ಚಾನೆಲ್ ನಂಬರ್ ಒತ್ತಿದರೆ ಎರಡನೇ ಅಂಕಿ ಬೀಳುತ್ತಿರಲಿಲ್ಲ. ಕಾರಣ ಏನು ಅಂದರೆ, ಕೆಲವು ರಿಮೋಟ್‌ಗಳ ಸಂಕೇತದಲ್ಲಿ ಒಂದು ಬಿಟ್ (0 ಅಥವಾ 1 ಅನ್ನುವ ಗುರುತು) ಪ್ರತಿ ಒತ್ತಿಗೂ ಅದಲುಬದಲಾಗುತ್ತಾ ಇರುತ್ತೆ. ಬಟನ್ ಒತ್ತಿ ಹಿಡಿದಿದ್ದಾರಾ, ಬಿಟ್ಟು ಮತ್ತೆ ಒತ್ತಿದರಾ ಅಂತ ಬಾಕ್ಸ್‌ಗೆ ಗೊತ್ತಾಗೋದು ಅದರಿಂದಲೇ. ಲರ್ನಿಂಗ್ ರಿಮೋಟ್ ಕಲಿತದ್ದನ್ನು ಹಾಗೆಯೇ ಪ್ರತಿ ಸಲ ಕಳಿಸುತ್ತೆ, ಬಿಟ್ ಬದಲಾಗಲ್ಲ. ಬಾಕ್ಸ್ ಎರಡನೇ ಒತ್ತನ್ನು ಹೊಸದು ಅಂತ ಎಣಿಸಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ರಿಮೋಟ್ ಹಾಳಾಗಿದೆ ಅಂತ ವಾಪಸ್ ಕೊಡುತ್ತಾರೆ. ಪರಿಹಾರ ಇದೆ: ಆ ಬಾಕ್ಸ್‌ನ ಸಂಕೇತ ಮೊದಲೇ ತುಂಬಿರುವ ಬಟನ್ ರಿಮೋಟ್ ತಗೋಬೇಕು, ಅದರಲ್ಲಿ ಕಲಿಸುವ ಸೌಲಭ್ಯವೂ ಇರಬೇಕು. ಅಂಥದ್ದು ಆನ್‌ಲೈನ್‌ನಲ್ಲಿ ಸಿಕ್ಕಿತು.

ಮಲಗುವ ಕೋಣೆಯ ಎಸಿಯನ್ನೂ ಇದಕ್ಕೇ ಸೇರಿಸಿ ಅಂತ ಮೇಷ್ಟ್ರು ಕೇಳಿದರು. ಬೇಡ ಅಂದೆ. ಎಸಿ ರಿಮೋಟ್ 'ಒಂದು ಡಿಗ್ರಿ ಇಳಿಸು' ಅಂತ ಕಳಿಸಲ್ಲ. ಡಿಗ್ರಿ, ಮೋಡ್, ಫ್ಯಾನ್ ವೇಗ ಎಲ್ಲ ಸೇರಿದ ಉದ್ದನೆಯ ಸಂದೇಶವನ್ನು ಪ್ರತಿ ಸಲ ಪೂರ್ತಿ ಕಳಿಸುತ್ತೆ. ಒಂದು ಬಟನ್‌ಗೆ ಕಲಿಸಿದರೆ 24 ಡಿಗ್ರಿಗೆ ಮಾತ್ರ ಒಂದು ಬಟನ್, 25ಕ್ಕೆ ಇನ್ನೊಂದು. ಎಸಿ ರಿಮೋಟ್ ಎಸಿ ಹತ್ತಿರವೇ ಇರಲಿ. ಫ್ಯಾನಿನದೂ ಅಷ್ಟೇ.

ರಿಮೋಟ್‌ಗಿಂತ ಮೊದಲು ವೈರ್

ರಿಮೋಟ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಆಗುತ್ತಿರಲಿಲ್ಲ. ಮನೆ ಪೂರ್ತಿ ಒಂದೇ ಒತ್ತಿಗೆ ಎದ್ದೇಳಬೇಕು, ಲೆಕ್ಕ ತಪ್ಪಬಾರದು. ಅದಕ್ಕೆ ಆಜ್ಞೆಗಳ ಸಂಖ್ಯೆಯನ್ನೇ ಕಡಿಮೆ ಮಾಡಬೇಕು.

ಬಾಕ್ಸ್ ಮತ್ತು ಸ್ಟಿಕ್ ಎರಡನ್ನೂ ಆಂಪ್‌ನಿಂದ ಬಿಡಿಸಿ ನೇರ ಟಿವಿಗೆ ಕೊಟ್ಟೆ. ಆಂಪ್‌ಗೆ ಟಿವಿಯ ಎಆರ್‌ಸಿ ಪೋರ್ಟ್‌ನಿಂದ (ಸೌಂಡನ್ನು ಹೊರಗೂ ಕಳಿಸಬಲ್ಲ ಎಚ್‌ಡಿಎಂಐ ಕಿಂಡಿ) ಸೌಂಡ್ ಹೋಗುವ ಹಾಗೆ ಮಾಡಿದೆ. ಟಿವಿಯಲ್ಲೂ ಆಂಪ್‌ನಲ್ಲೂ ಸಿಇಸಿ ಆನ್ ಮಾಡಿದೆ. ಇದನ್ನು ಸ್ಯಾಮ್ಸಂಗ್‌ನವರು ಎನಿನೆಟ್ ಪ್ಲಸ್ ಅಂತಾರೆ, ಎಲ್‌ಜಿಯವರು ಸಿಂಪ್‌ಲಿಂಕ್, ಸೋನಿಯವರು ಬ್ರಾವಿಯಾ ಸಿಂಕ್. ಹೆಸರು ಬೇರೆ, ಕೆಲಸ ಒಂದೇ: ಎಚ್‌ಡಿಎಂಐ ಕೇಬಲ್ ಮೂಲಕವೇ ಒಂದು ಯಂತ್ರ ಇನ್ನೊಂದಕ್ಕೆ ಹೇಳೋದು. ಈಗ ಟಿವಿ ಆನ್ ಆದರೆ ಆಂಪ್ ತಾನೇ ಏಳುತ್ತೆ, ಟಿವಿಯ ವಾಲ್ಯೂಮ್ ಒತ್ತಿದರೆ ಆಂಪ್‌ನ ವಾಲ್ಯೂಮ್ ಬದಲಾಗುತ್ತೆ. ಅಕಸ್ಮಾತ್ ಆಂಪ್ ಏಳದಿದ್ದರೂ ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ಸೌಂಡ್ ಬರುತ್ತೆ, ಸೀರಿಯಲ್ ತಪ್ಪಲ್ಲ. ಬಾಕ್ಸ್ ಯಾವಾಗಲೂ ಆನ್ ಇರಲಿ ಅಂದೆ. ಟಿವಿ, ಬಾಕ್ಸ್, ಆಂಪ್ ಮೂರನ್ನೂ ಇನ್ವರ್ಟರ್ ಲೈನ್ ಮೇಲೆ ಒಂದೇ ಪ್ಲಗ್ ಬೋರ್ಡಿಗೆ ತಂದೆ, ಇನ್ವರ್ಟರ್‌ನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿದೆ. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋದು ಬೇಗ ಆಗುತ್ತೆ, ಬಾಕ್ಸ್ ರೀಸ್ಟಾರ್ಟ್ ಆಗೋದು ನಿಂತಿತು.

ಒಂದು ಗಂಟು ಉಳಿದಿತ್ತು. ಯೂಟ್ಯೂಬ್ ನೋಡಿ ಮುಗಿದ ಮೇಲೆ ಡಿಟಿಎಚ್‌ಗೆ ವಾಪಸ್ ಬರೋದು ಹೇಗೆ? ಟಿವಿಯ ರಿಮೋಟ್‌ನಲ್ಲಿ ಇದ್ದದ್ದು ಸೋರ್ಸ್ ಬಟನ್ ಒಂದೇ, ಪಟ್ಟಿ ತೆರೆದು ಆರಿಸಬೇಕು. ನೇರವಾಗಿ 'ಎಚ್‌ಡಿಎಂಐ 1' ಅನ್ನುವ ಬಟನ್ ಇಲ್ಲ. ಆದರೆ ಎಷ್ಟೋ ಟಿವಿಗಳು ತಮ್ಮ ರಿಮೋಟ್‌ನಲ್ಲಿ ಇಲ್ಲದ ಸಂಕೇತಗಳನ್ನೂ ಅರ್ಥ ಮಾಡಿಕೊಳ್ಳುತ್ತವೆ. ಆ ಸಂಕೇತ ಎಲ್ಲಿ ಸಿಗುತ್ತೆ ಅಂತ ಯೋಚಿಸುತ್ತಿದ್ದಾಗ ಕಣ್ಣೆದುರೇ ಇತ್ತು. ಟಚ್ ರಿಮೋಟ್! ಇನ್‌ಪುಟ್ ಬದಲಾಯಿಸೋಕೆ ಅದರ ಪಟ್ಟಿಯಲ್ಲಿ ಆ ಟಿವಿಯ ಎಲ್ಲ ನೇರ ಸಂಕೇತಗಳೂ ಇದ್ದವು.

ಟೀಪಾಯಿ ಮೇಲೆ ಎರಡನ್ನೂ ಮೂತಿಗೆ ಮೂತಿ ಇಟ್ಟೆ, ನಡುವೆ ಎರಡು ಬೆರಳು ಜಾಗ. ಟ್ಯೂಬ್‌ಲೈಟ್ ಆಫ್ ಮಾಡಿಸಿದೆ, ಅದರ ಬೆಳಕೂ ಕೆಲವೊಮ್ಮೆ ಅಡ್ಡ ಬರುತ್ತೆ. ಬಟನ್ ರಿಮೋಟ್‌ನ ಕೆಂಪು ಬಟನ್‌ಗೆ ಕಲಿಸುವ ಮೋಡ್ ಹಾಕಿ, ಟಚ್‌ನ ಪರದೆ ಮೇಲೆ 'ಎಚ್‌ಡಿಎಂಐ 1' ಅನ್ನು ಒಮ್ಮೆ ಚಿಕ್ಕದಾಗಿ ಮುಟ್ಟಿದೆ. ಒತ್ತಿ ಹಿಡಿಯಬಾರದು, ಹಿಡಿದರೆ ಪುನರಾವರ್ತನೆಯೂ ಸೇರಿ ಕೆಡುತ್ತೆ. ದೀಪ ಎರಡು ಸಲ ಮಿನುಗಿತು. ಟಿವಿ ಕಡೆ ತಿರುಗಿಸಿ ಒತ್ತಿದೆ, ಯೂಟ್ಯೂಬ್ ಹೋಗಿ ಡಿಟಿಎಚ್ ಬಂತು. ಮೇಷ್ಟ್ರು ಕೈ ಚಾಚಿ ರಿಮೋಟ್ ತೆಗೆದುಕೊಂಡು ತಾವೇ ಇನ್ನೊಮ್ಮೆ ಒತ್ತಿ ನೋಡಿದರು. ಅದೇ ರೀತಿ ಟಿವಿಯ 'ಆನ್' ಮಾತ್ರ ಮಾಡುವ ಸಂಕೇತವನ್ನು ಹಸಿರು ಬಟನ್‌ಗೆ ಕಲಿಸಿದೆ. ಎಷ್ಟು ಸಲ ಒತ್ತಿದರೂ ಆನ್ ಆಗೇ ಇರುತ್ತೆ, ಆಫ್ ಆಗಲ್ಲ.

ಸ್ಟಿಕ್ ಬ್ಲೂಟೂತ್‌ದು, ಐಆರ್ ರಿಮೋಟ್ ಮಾತು ಕೇಳಲ್ಲ. ಅದರ ರಿಮೋಟ್ ಉಳಿಯಿತು. ಅಂದರೆ ಟೀಪಾಯಿ ಮೇಲೆ ಟಿವಿ ನೋಡೋಕೆ ಎರಡು ರಿಮೋಟ್. 'ಎಲ್ಲದಕ್ಕೂ ಒಂದೇ' ಅಂತ ಹಟ ಹಿಡಿದಿದ್ದರೆ ಹಬ್ (ರಿಮೋಟ್‌ನ ಆಜ್ಞೆ ಪಡೆದು ಐಆರ್, ಬ್ಲೂಟೂತ್ ಎರಡರಲ್ಲೂ ಯಂತ್ರಗಳಿಗೆ ತಲುಪಿಸುವ ಡಬ್ಬಿ) ಇರುವ ದುಬಾರಿ ರಿಮೋಟ್ ತರಬೇಕಾಗುತ್ತಿತ್ತು. ಈ ಬಗೆಯಲ್ಲಿ ಹೆಸರುವಾಸಿಯಾಗಿದ್ದ ಹಾರ್ಮನಿ ರಿಮೋಟ್‌ಗಳನ್ನು ತಯಾರಿಸೋದನ್ನು ನಿಲ್ಲಿಸುತ್ತೇವೆ ಅಂತ ಲಾಜಿಟೆಕ್ 2021ರ ಏಪ್ರಿಲ್‌ನಲ್ಲೇ ಹೇಳಿತು. ಇರುವವಕ್ಕೆ ಬೆಂಬಲ ಮುಂದುವರಿಸುತ್ತೇವೆ ಅಂತಲೂ ಹೇಳಿತು. ಆದರೂ ಸೆಟ್ಟಿಂಗ್ ಬದಲಾಯಿಸೋಕೆ ಕಂಪನಿಯ ಸರ್ವರ್ ಬೇಕಾಗುವ ವಸ್ತುವನ್ನು ಎಪ್ಪತ್ತೈದು ದಾಟಿದವರ ಮನೆಗೆ ಹೊಸದಾಗಿ ತಂದಿಡೋಕೆ ನನಗೆ ಮನಸ್ಸಾಗಲಿಲ್ಲ.

ಮಗನಿಗೆ ಹೇಳಿದ್ದು

ವಿಡಿಯೋ ಕಾಲ್‌ನಲ್ಲಿ ಮಗನಿಗೆ ನಾನೇ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪಾ, ಮೊದಲೇ ಹೇಳಬಾರದಿತ್ತಾ?" ಅಂದ. ಮೇಷ್ಟ್ರು ಕೆಂಪು ಬಟನ್ ಒತ್ತಿ ತೋರಿಸಿದರು, ನೀನು ತಂದಿದ್ದೇ ಇದಕ್ಕೆ ಪಾಠ ಹೇಳಿದ್ದು ಅಂದರು. ಟಚ್ ರಿಮೋಟನ್ನು ಎಸೆಯಲಿಲ್ಲ. ಮಗಳ ಮಕ್ಕಳು ಬಂದಾಗ ಅವರ ಕೈಗೆ ಅದೇ. ಪರದೆ ನೋಡಿ ಆರಿಸೋದು ಅವರಿಗೆ ಇಷ್ಟ, ಎರಡು ಕನ್ನಡಕದ ಕಷ್ಟ ಅವರಿಗಿಲ್ಲ. ವೈರ್ ಬದಲಾದದ್ದಕ್ಕೆ ತಕ್ಕಂತೆ ಮಗ ಅಲ್ಲಿಂದಲೇ ಸೆಟ್ಟಿಂಗ್ ತಿದ್ದಿದ, ಮಗಳು ಬಂದಾಗ ಲ್ಯಾಪ್‌ಟಾಪ್‌ಗೆ ಜೋಡಿಸಿ ಅದಕ್ಕೆ ಹಾಕಿಕೊಟ್ಟರು. ಟಿವಿಗೆ 'ಆನ್' ಬೇರೆ, 'ಆಫ್' ಬೇರೆ ಸಂಕೇತ ಹಾಕಿದ ಮೇಲೆ ಕರೆಂಟ್ ಹೋಗಿ ಬಂದರೂ ಅದರ ಲೆಕ್ಕ ತಪ್ಪುತ್ತಿಲ್ಲ.

ನಿಮ್ಮ ಮನೆಯಲ್ಲಿ ಇದೇ ಪ್ರಶ್ನೆ ಎದ್ದಿದ್ದರೆ ಅಂಗಡಿಗೆ ಹೋಗುವ ಮುಂಚೆ ಒಂದು ಸಂಜೆ ಸುಮ್ನೆ ಕೂತು ನೋಡಿ. ಯಾರ ಕೈ ಎಲ್ಲಿ ಹೋಗುತ್ತೆ, ಆಗ ಕಣ್ಣು ಎಲ್ಲಿರುತ್ತೆ, ಕರೆಂಟ್ ಹೋಗಿ ಬಂದಾಗ ಯಾವ ಯಂತ್ರ ಎದ್ದಿರುತ್ತೆ, ಯಾವುದು ಮಲಗಿರುತ್ತೆ ಅಂತ. ಒಬ್ಬರೇ ಇರುವ ಮನೆ, ವಯಸ್ಸು ಚಿಕ್ಕದು, ದಿನಾ ಸಿನಿಮಾ ಆರಿಸಿ ನೋಡುವವರು ಅಂದರೆ ನಾನೇ ಟಚ್ ತಗೊಳ್ಳಿ ಅಂತೀನಿ. ಆದರೂ ವಾಲ್ಯೂಮ್‌ಗೆ, ಮ್ಯೂಟ್‌ಗೆ ನಿಜವಾದ ಬಟನ್ ಇರುವಂಥದ್ದನ್ನೇ ಹುಡುಕಿ.

ಇನ್ನೊಂದು ಕೆಲಸ ಮಾಡಿದ್ದೇವೆ, ಇದನ್ನು ಎಲ್ಲರೂ ಮಾಡಬೇಕು. ಅದೇ ಬಟನ್ ರಿಮೋಟ್ ಇನ್ನೊಂದನ್ನು ತರಿಸಿ, ಎಲ್ಲ ಕಲಿಸಿ, ಸೆಲ್ ತೆಗೆದು ಬೀರುವಿನಲ್ಲಿ ಇಟ್ಟಿದ್ದೇವೆ. ರಬ್ಬರ್ ಬಟನ್ ಒಂದಲ್ಲ ಒಂದು ದಿನ ಸವೆಯುತ್ತೆ, ಆಗ ಅದೇ ಮಾಡೆಲ್ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಯಾವ ಬಟನ್‌ಗೆ ಏನು ಕಲಿಸಿದೆ ಅನ್ನೋದನ್ನು ಮೇಷ್ಟ್ರು ತಮ್ಮ ಕೈಯಾರೆ ಬರೆದ ಚೀಟಿಯೂ ಅದರ ಜೊತೆಗಿದೆ. ಹೊಸದಕ್ಕೆ ಅಮ್ಮ ಆಗಲೇ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿಬಿಟ್ಟಿದ್ದರು. ಐಆರ್ ಹೊರಡುವ ಮೂತಿಯ ಕಡೆ ಕವರ್ ಮಡಿಕೆ ಬೀಳದ ಹಾಗೆ ಹಿಂದಕ್ಕೆ ಎಳೆದು ಕಟ್ಟಿಕೊಟ್ಟು ಬಂದೆ.